ಚಳಿಗಾಲದ ಹೊಳೆ ನೀರು ಮತ್ತು ನಮ್ಮ ಸಸಿಮಡಿ



ಸುಗ್ಗಿ ಮುಗಿದು ಕಣದ ಕೆಲಸ ತೀರುತ್ತಿದ್ದಂತೆ, ನೀರಿನ ಅನುಕೂಲವಿರುವ ಹೊಳೆಯಂಚಿನ ಹಳ್ಳಿಗಳಲ್ಲಿ ಬೇಸಿಗೆ ಭತ್ತಕ್ಕೆ ಅಗೆ ಹಾಕುವ ಕೆಲಸ ಆರಂಭವಾಗುತ್ತದೆ. ವರ್ಷದ ಕಡು ಚಳಿ ಬೀಳುವುದೂ ಇದೇ ದಿನಗಳಲ್ಲಿ. ಚೆನ್ನಾಗಿ ಮೊಳೆತು ಬಂದಿದ್ದ ಮಡಿ ಎಂಟು ಹತ್ತು ದಿನಗಳಲ್ಲಿ ಹಳದಿಗೆ ತಿರುಗುತ್ತದೆ. ಸಸಿ ಮೇಲೇಳದೆ ಕುಳ್ಳಾಗಿ ನಿಂತುಬಿಡುತ್ತದೆ. ಗೊಬ್ಬರ ಸಾಲಲಿಲ್ಲವೆಂದು ಒಬ್ಬರು ಯೂರಿಯಾ ಎರಚುತ್ತಾರೆ. ರೋಗ ಬಂತೆಂದು ಇನ್ನೊಬ್ಬರು ಔಷಧಿ ಹೊಡೆಯುತ್ತಾರೆ. ಹಣ ಖರ್ಚಾಗುತ್ತದೆ, ಸಸಿ ಮಾತ್ರ ಹಾಗೆಯೇ ಇರುತ್ತದೆ. ಎಷ್ಟೋ ಸಲ ಇಲ್ಲಿ ತಪ್ಪಿರುವುದು ನೀರು ಬಿಟ್ಟ ಹೊತ್ತಿನಲ್ಲಿ.

ಚಳಿಗಾಲದಲ್ಲಿ ಹೊಳೆಯ ನೀರು ಯಾವ ಹೊತ್ತಿನಲ್ಲಿ ಬೆಚ್ಚಗಿರುತ್ತದೆ, ಯಾವ ಹೊತ್ತಿನಲ್ಲಿ ತಣ್ಣಗಿರುತ್ತದೆ ಎಂಬುದನ್ನು ತಿಳಿದುಕೊಂಡರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ನಮ್ಮ ಮಲೆನಾಡಿನ ತುಂಗಾ ನದಿಯನ್ನೇ ಉದಾಹರಣೆಗೆ ತೆಗೆದುಕೊಂಡು ಈ ವಿಷಯವನ್ನು ನೋಡೋಣ.

ಹೊಳೆಯ ಮೇಲೆ ಹೊಗೆ ಏಕೆ?

ಪುಷ್ಯಮಾಸದ ಬೆಳಗಿನ ಜಾವ ಹೊಳೆಯ ಕಡೆ ಹೋದರೆ ನೀರಿನ ಮೇಲೆ ಹೊಗೆಯಾಡುವುದನ್ನು ನೀವೆಲ್ಲರೂ ನೋಡಿದ್ದೀರಿ. ಕೈಯಿಟ್ಟರೆ ನೀರು ಬೆಚ್ಚಗಿರುತ್ತದೆ. ಅದೇ ನೀರು ಮಧ್ಯಾಹ್ನದ ಬಿಸಿಲಿನಲ್ಲಿ ಕಾಲಿಟ್ಟರೆ ಕೊರೆಯುತ್ತದೆ. ಬೆಳಿಗ್ಗೆ ನೀರು ನಿಜವಾಗಿ ಹೆಚ್ಚು ಬಿಸಿಯಾಗಿ, ಮಧ್ಯಾಹ್ನ ತಣ್ಣಗಾಯಿತೇ? ಇಲ್ಲ. ನೀರಿನ ಉಷ್ಣಾಂಶ ಬೆಳಿಗ್ಗೆಗಿಂತ ಮಧ್ಯಾಹ್ನ ಸ್ವಲ್ಪ ಹೆಚ್ಚಾಗಿಯೇ ಇರುತ್ತದೆ. ಬಹಳವಾಗಿ ಬದಲಾದದ್ದು ಗಾಳಿ. ಬೆಳಗಿನ ಜಾವ ಗಾಳಿ ನೀರಿಗಿಂತ ತಣ್ಣಗಿತ್ತು, ಮಧ್ಯಾಹ್ನ ನೀರಿಗಿಂತ ಬಿಸಿಯಾಯಿತು. ನಮ್ಮ ಮೈ ಎರಡನ್ನೂ ಹೋಲಿಸಿ ನೋಡುವುದರಿಂದ ಒಂದೇ ನೀರು ಎರಡು ಬಗೆಯಾಗಿ ತೋರುತ್ತದೆ.

ಹೊಗೆಯಂತೆ ಕಾಣುವುದೂ ಇದರಿಂದಲೇ. ಬೆಚ್ಚಗಿನ ನೀರಿನಿಂದ ಏಳುವ ಆವಿ ಮೇಲಿರುವ ತಣ್ಣನೆಯ ಗಾಳಿಗೆ ತಗುಲಿದ ಕೂಡಲೇ ಸಣ್ಣ ಸಣ್ಣ ಹನಿಗಳಾಗುತ್ತದೆ. ಆ ಹನಿಗಳ ರಾಶಿಯೇ ನಮಗೆ ಹೊಗೆಯಾಗಿ ಕಾಣುತ್ತದೆ. ಆದುದರಿಂದ ಹೊಳೆಯ ಮೇಲೆ ಹೊಗೆಯಾಡುತ್ತಿದ್ದರೆ, ಆ ಹೊತ್ತಿನಲ್ಲಿ ಹೊಳೆಯ ನೀರು ಅದರ ಮೇಲಿನ ಗಾಳಿಗಿಂತ ಬೆಚ್ಚಗಿದೆ ಎಂದು ತಿಳಿಯಬಹುದು. ಇದು ಖರ್ಚಿಲ್ಲದ ಉಷ್ಣಮಾಪಕ.

ನೀರು ಇಷ್ಟು ನಿಧಾನವಾಗಿ ಬದಲಾಗುವುದಕ್ಕೆ ಮೊದಲನೆಯ ಕಾರಣ ಅದರ ಗುಣ. ನೀರನ್ನು ಬಿಸಿ ಮಾಡಲು ಬಹಳ ಶಾಖ ಬೇಕು. ಹಾಗೆಯೇ ತಣ್ಣಗಾಗುವಾಗ ಅಷ್ಟೇ ಶಾಖವನ್ನು ಅದು ಹೊರಗೆ ಬಿಡುತ್ತದೆ. ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗುವಾಗ ಬಿಡುವ ಶಾಖದಿಂದ ಮೂರು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಬಹುದು. ಎರಡನೆಯ ಕಾರಣ ನೆಲದೊಳಗಿನ ಒರತೆ. ಮಳೆ ನಿಂತ ಮೇಲೆ ಹೊಳೆಯಲ್ಲಿ ಹರಿಯುವುದು ಹೆಚ್ಚಾಗಿ ಕಾಡಿನ ಮಣ್ಣು ಹೀರಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವ ನೀರು. ನೆಲದ ಆಳದಲ್ಲಿ ಹಗಲಿನ ಬಿಸಿಲೂ ರಾತ್ರಿಯ ಚಳಿಯೂ ತಟ್ಟುವುದಿಲ್ಲ. ಬಾವಿಯ ನೀರು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ತೋರುವುದು ಈ ಕಾರಣದಿಂದಲೇ.

ಹಿಮಾಲಯದಲ್ಲಿಯೂ ನೀರಿನ ಗುಣ ಇದೇ, ಆದರೆ ಅಲ್ಲಿನ ಚಳಿ ಬಹಳ ಹೆಚ್ಚು. ಲಡಾಖಿನ ಜಾಂಸ್ಕಾರ್ ನದಿಯ ಮೇಲ್ಭಾಗ ಜನವರಿ, ಫೆಬ್ರವರಿಗಳಲ್ಲಿ ಹೆಪ್ಪುಗಟ್ಟುತ್ತದೆ. ಅಲ್ಲಿನ ಜನ ತಲೆಮಾರುಗಳಿಂದ ಆ ಮಂಜುಗಡ್ಡೆಯ ಮೇಲೆ ನಡೆದು ಹೊರಗಿನ ಊರುಗಳಿಗೆ ಹೋಗಿಬರುತ್ತಿದ್ದರು. ನಡೆಯುವವರ ಕಾಲ ಕೆಳಗೆ ಹೊಳೆ ಹರಿಯುತ್ತಲೇ ಇರುತ್ತದೆ. ಏಕೆಂದರೆ ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಹೆಪ್ಪುಗಟ್ಟಿದ ಮೇಲೆ ಹಗುರಾಗಿ ತೇಲುತ್ತದೆ. ನಮ್ಮ ಹೊಳೆಗಳಿಗೆ ಆ ಸ್ಥಿತಿ ಬರುವುದಿಲ್ಲ. ಆದರೆ ಭತ್ತದ ಸಸಿಗೆ ತೊಂದರೆಯಾಗಲು ನೀರು ಹೆಪ್ಪುಗಟ್ಟಬೇಕಾಗಿಯೂ ಇಲ್ಲ.

ಕಡು ಚಳಿಯ ರಾತ್ರಿಯ ಗುರುತು

ಡಿಸೆಂಬರ್ 21, 22ರ ಸುಮಾರಿಗೆ ನಮ್ಮ ಸೀಮೆಯಲ್ಲಿ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟು ಮಾತ್ರ ಇರುತ್ತದೆ. ರಾತ್ರಿ ಅದಕ್ಕಿಂತ ಒಂದು ಗಂಟೆಗೂ ಹೆಚ್ಚು ಉದ್ದ. ಹಗಲು ಬಿಸಿಲಿಗೆ ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಮೋಡವಿದ್ದರೆ ಕಂಬಳಿ ಹೊದೆಸಿದಂತಾಗಿ ಆ ಶಾಖದಲ್ಲಿ ಒಂದು ಭಾಗ ನೆಲಕ್ಕೇ ಮರಳುತ್ತದೆ. ಆಕಾಶ ನಿರ್ಮಲವಾಗಿದ್ದರೆ ಹೆಚ್ಚು ಶಾಖ ಹೊರಟುಹೋಗುತ್ತದೆ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನದರೊಡನೆ ಬೆರೆಯುತ್ತದೆ. ಗಾಳಿ ನಿಂತಿದ್ದರೆ ತಣ್ಣನೆಯ ಗಾಳಿ ನೆಲಕ್ಕಂಟಿ ಉಳಿಯುತ್ತದೆ.

ಆದಕಾರಣ ಸಂಜೆ ಆಕಾಶದಲ್ಲಿ ಮೋಡವಿಲ್ಲದೆ, ಎಲೆ ಅಲುಗದಂತೆ ಗಾಳಿ ನಿಂತು, ಒಣ ಹವೆಯಿದ್ದರೆ ಮರುದಿನ ಬೆಳಗಿನ ಜಾವ ಚಳಿ ಹೆಚ್ಚು ಎಂದು ಮೊದಲೇ ತಿಳಿಯಬೇಕು. ಮೋಡ ಮುಚ್ಚಿದ ಅಥವಾ ಗಾಳಿ ಬೀಸುವ ಸಂಜೆಯಾದರೆ ಅಷ್ಟು ಭಯವಿಲ್ಲ. ಸಾಮಾನ್ಯವಾಗಿ ಗಾಳಿಯ ಉಷ್ಣಾಂಶ ಸೂರ್ಯೋದಯದ ಹೊತ್ತಿಗೆ ಎಲ್ಲಕ್ಕಿಂತ ಕಡಿಮೆ ಇರುತ್ತದೆ, ಮಧ್ಯಾಹ್ನ ಎರಡು ಮೂರು ಗಂಟೆಗೆ ಎಲ್ಲಕ್ಕಿಂತ ಹೆಚ್ಚಾಗುತ್ತದೆ. ಹೊಳೆಯ ನೀರು ಇದರ ಹಿಂದೆ ನಿಧಾನವಾಗಿ ಬರುತ್ತದೆ. ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಾದ ಮೇಲೆ ಅದು ಹೆಚ್ಚು ತಣ್ಣಗಿದ್ದು, ಇಳಿಹೊತ್ತಿನಲ್ಲಿ ಹೆಚ್ಚು ಬೆಚ್ಚಗಿರುತ್ತದೆ. ಈ ಇಳಿಹೊತ್ತಿನ ನೀರೇ ನಮಗೆ ಬೇಕಾದದ್ದು.

ಬೆಟ್ಟದ ನೀರು, ಬಯಲಿನ ನೀರು

ತುಂಗಾ ನದಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದ ವರಾಹ ಪರ್ವತದಲ್ಲಿ ಹುಟ್ಟುತ್ತದೆ. ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು, ಶಿವಮೊಗ್ಗಗಳನ್ನು ದಾಟಿ ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ. ಶಿವಮೊಗ್ಗದ ಹತ್ತಿರ ನೆಲದ ಎತ್ತರ ಸುಮಾರು 570 ಮೀಟರ್. ನೂರು ಮೀಟರ್ ಮೇಲೇರಿದರೆ ಗಾಳಿಯ ಉಷ್ಣಾಂಶ ಸರಾಸರಿ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಈ ಲೆಕ್ಕದಲ್ಲಿ ಹೊಳೆ ಹುಟ್ಟುವಲ್ಲಿಗೂ ಶಿವಮೊಗ್ಗಕ್ಕೂ ಐದಾರು ಡಿಗ್ರಿ ವ್ಯತ್ಯಾಸವಿರುತ್ತದೆ. ಮೇಲ್ಗಡೆ ಹೊಳೆ ಸಣ್ಣದು, ಅದರ ಮೇಲೆ ಮರಗಳ ನೆರಳು. ಕೆಳಗೆ ಬಂದಂತೆ ಹೊಳೆ ಅಗಲವಾಗಿ ಬಿಸಿಲಿಗೆ ಮೈಯೊಡ್ಡುತ್ತದೆ. ಆದುದರಿಂದ ಘಟ್ಟದ ಬುಡದ ಹಳ್ಳದಿಂದ ನೀರು ತಿರುಗಿಸಿಕೊಳ್ಳುವ ರೈತರು ಕೆಳಗಿನವರಿಗಿಂತ ಹೆಚ್ಚು ಎಚ್ಚರಿಕೆ ವಹಿಸಬೇಕು.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಎತ್ತರಕ್ಕೆ ಹೋದಂತೆ ಚಳಿ ಹೆಚ್ಚು ಎಂಬ ಮಾತು ಚಳಿಗಾಲದ ರಾತ್ರಿ ಕೆಲವು ಕಡೆ ತಿರುಗುಮುರುಗಾಗುತ್ತದೆ. ತಣ್ಣನೆಯ ಗಾಳಿ ಭಾರವಾದದ್ದು. ಅದು ನೀರಿನಂತೆಯೇ ಇಳಿಜಾರು ಹಿಡಿದು ಗುಡ್ಡದಿಂದ ಕೆಳಗಿಳಿದು ತಗ್ಗಿನ ಗದ್ದೆಗಳಲ್ಲಿ ನಿಲ್ಲುತ್ತದೆ. ಗುಡ್ಡದ ಓರೆಯಲ್ಲಿರುವ ಮನೆಯ ಅಂಗಳಕ್ಕಿಂತ ಕೆಳಗಿನ ಗದ್ದೆಯ ಬಯಲಿನಲ್ಲಿ ಬೆಳಗಿನ ಚಳಿ ಹೆಚ್ಚಾಗಿರುವುದು ಇದರಿಂದಲೇ. ಬೇಸಿಗೆ ಬೆಳೆಯ ಸಸಿಮಡಿಗೆ ಎಲ್ಲಕ್ಕಿಂತ ತಗ್ಗಿನ ಗದ್ದೆಯನ್ನು ಆರಿಸಬಾರದು. ಬೆಳಗಿನ ಬಿಸಿಲು ಬೇಗ ಬೀಳುವ, ಮರದ ನೆರಳಿಲ್ಲದ, ಸ್ವಲ್ಪ ಎತ್ತರದ ಗದ್ದೆ ಉತ್ತಮ.

ಸಸಿಗೆ ಎಷ್ಟು ಶಾಖ ಬೇಕು?

ಭತ್ತದ ಬೀಜ ಮೊಳೆಯಲು ಕನಿಷ್ಠ ಸುಮಾರು 10 ಡಿಗ್ರಿ ಸೆಂಟಿಗ್ರೇಡ್ ಉಷ್ಣಾಂಶ ಬೇಕು. ಸಸಿ ನೆಲದಿಂದ ಮೇಲೇಳಲು 12, 13 ಡಿಗ್ರಿ, ಬೇರು ಚೆನ್ನಾಗಿ ಇಳಿಯಲು ಸುಮಾರು 16 ಡಿಗ್ರಿಗೆ ಕಡಿಮೆಯಾಗಬಾರದು. ಸಸಿ ಹುಲುಸಾಗಿ ಬೆಳೆಯುವುದು 25ರಿಂದ 30 ಡಿಗ್ರಿಯಲ್ಲಿ. ಚಳಿಗೆ ಬೇರು ಮಂದವಾದಾಗ ಮಣ್ಣಿನಲ್ಲಿ ಸಾರವಿದ್ದರೂ ಸಸಿ ಅದನ್ನು ಹೀರಿಕೊಳ್ಳಲಾರದು. ಎಲೆ ಹಳದಿಯಾಗುವುದಕ್ಕೆ ಇದು ಮುಖ್ಯ ಕಾರಣ. ಹಸಿದವನಿಗೆ ಅನ್ನ ಬೇಕು, ನಿಜ. ಆದರೆ ಬಾಯಿ ಕಟ್ಟಿರುವಾಗ ಎಲೆಯ ತುಂಬ ಬಡಿಸಿ ಫಲವೇನು?

ಭತ್ತದ ಸಸಿಯ ಸುಳಿ ಎಲೆಯ ತುದಿಯಲ್ಲಿರುವುದಿಲ್ಲ, ಬುಡದಲ್ಲಿರುತ್ತದೆ. ಸಸಿ ಚಿಕ್ಕದಿರುವಾಗ ಅದು ನೀರಿನ ಮಟ್ಟದ ಕೆಳಗೇ ಇರುತ್ತದೆ. ಆದುದರಿಂದ ಆ ವಯಸ್ಸಿನಲ್ಲಿ ಸಸಿಯ ಬೆಳವಣಿಗೆಗೆ ಗಾಳಿಯಷ್ಟೇ ಅಲ್ಲದೆ ಮಡಿಯಲ್ಲಿ ನಿಂತ ನೀರೂ ಬಹಳ ಮುಖ್ಯ. ನೀರನ್ನು ಸರಿಯಾಗಿ ನಡೆಸಿದರೆ ಸುಳಿಯನ್ನು ಚಳಿಯಿಂದ ಕಾಪಾಡಬಹುದು.

ಲೆಕ್ಕ ಹಾಕಿ ನೋಡಿ. ಒಂದು ಗುಂಟೆ ಮಡಿಯಲ್ಲಿ ಎರಡು ಅಂಗುಲ ನೀರು ನಿಲ್ಲಿಸಿದರೆ ಅದು ಸುಮಾರು ಐದು ಸಾವಿರ ಲೀಟರ್ ಆಗುತ್ತದೆ. ರಾತ್ರಿ ಆ ನೀರು ಐದು ಡಿಗ್ರಿ ತಣ್ಣಗಾದರೆ ಅದು ಬಿಡುವ ಶಾಖ ಆರೇಳು ಕಿಲೋ ಒಣ ಸೌದೆ ಉರಿಸಿದಷ್ಟು. ಹೊಗೆಯಿಲ್ಲದೆ, ಬೂದಿಯಿಲ್ಲದೆ, ರಾತ್ರಿಯುದ್ದಕ್ಕೂ ನಿಧಾನವಾಗಿ ಸಸಿಯ ಬುಡಕ್ಕೇ ಆ ಶಾಖ ಸೇರುತ್ತದೆ.

ನೀರು ಬಿಡುವ ಹೊತ್ತು

ಮಲೆನಾಡಿನಲ್ಲಿ ಹಳ್ಳದ ನೀರನ್ನು ಮಡಿಯ ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ಹಗಲೂ ರಾತ್ರಿ ಹರಿದುಹೋಗುವಂತೆ ಮಾಡುವ ರೂಢಿ ಅಲ್ಲಲ್ಲಿ ಇದೆ. ನೀರು ಧಾರಾಳವಾಗಿದ್ದಾಗ ಇದು ಸುಲಭ. ಆದರೆ ಹಗಲು ಬಿಸಿಲಿಗೆ ಮಡಿಯ ತೆಳು ನೀರು ಕಾಯುವ ಹೊತ್ತಿನಲ್ಲಿ ಹಳ್ಳದ ತಣ್ಣೀರು ಬಂದು ಆ ಶಾಖವನ್ನು ಕೊಚ್ಚಿಕೊಂಡು ಹೋಗುತ್ತದೆ. ನೀರು ಒಳಬರುವ ಮೂಲೆಯಲ್ಲಿ ಸಸಿ ಕುಳ್ಳಾಗಿ, ದೂರದ ಮೂಲೆಯಲ್ಲಿ ಎತ್ತರವಾಗಿ ಬೆಳೆದಿದ್ದರೆ ತಣ್ಣೀರೇ ಕಾರಣವೆಂದು ಶಂಕಿಸಬಹುದು. ಅದಕ್ಕೆ ಬದಲಾಗಿ ಹೀಗೆ ಮಾಡಿರಿ.

1. ಮೊಳಕೆ ಚೆಲ್ಲಿದ ಮೊದಲ ಕೆಲವು ದಿನ ಮಡಿಯನ್ನು ಕೇವಲ ತೇವವಾಗಿಟ್ಟಿರಿ. ನೀರು ನಿಲ್ಲಿಸಬೇಡಿರಿ.

2. ಸಸಿ ಒಂದೆರಡು ಅಂಗುಲ ಎದ್ದ ಮೇಲೆ, ಇಳಿಹೊತ್ತು ನಾಲ್ಕೈದು ಗಂಟೆಗೆ ಮಡಿಗೆ ನೀರು ಬಿಟ್ಟು ಬಾಯಿ ಕಟ್ಟಿರಿ. ನೀರು ಸಸಿಯ ಅರ್ಧ ಎತ್ತರಕ್ಕೆ ಮೀರದಿರಲಿ. ಸಸಿ ಬೆಳೆದಂತೆ ಎರಡು ಅಂಗುಲದವರೆಗೆ ಹೆಚ್ಚಿಸಬಹುದು.

3. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ, ರಾತ್ರಿಯೆಲ್ಲ ನಿಂತು ತಣ್ಣಗಾದ ಆ ನೀರನ್ನು ಹೊರಕ್ಕೆ ಬಿಡಿರಿ. ಹಗಲು ತೆಳ್ಳಗೆ ನೀರಿದ್ದರೆ ಅಥವಾ ಮಣ್ಣು ಹಸಿಯಾಗಿದ್ದರೆ ಸಾಕು. ಅದು ಬಿಸಿಲಿಗೆ ಬೇಗ ಕಾಯುತ್ತದೆ.

4. ಬಾವಿ ಅಥವಾ ಕೊಳವೆಬಾವಿಯ ಅನುಕೂಲವಿದ್ದರೆ ಕಡು ಚಳಿಯ ದಿನಗಳಲ್ಲಿ ಸಸಿಮಡಿಗೆ ಅದರ ನೀರನ್ನೇ ಬಳಸಬಹುದು. ಘಟ್ಟದ ನೆರಳಿನಲ್ಲಿ ಹರಿದುಬಂದ ನೀರಿಗಿಂತ ಅದು ಬೆಚ್ಚಗಿರುತ್ತದೆ.

5. ಬೆಳಿಗ್ಗೆ ಇಬ್ಬರು ಮಡಿಯ ಎರಡು ಬದುಗಳ ಮೇಲೆ ನಿಂತು, ಸಸಿಯ ತುದಿಗೆ ತಗುಲುವಂತೆ ಒಂದು ಹಗ್ಗವನ್ನು ಎಳೆದರೆ ಎಲೆಯ ಮೇಲಿನ ಇಬ್ಬನಿ ಉದುರುತ್ತದೆ. ತಂಪಾದ ರಾತ್ರಿಗಳೂ, ಎಲೆಯ ಮೇಲೆ ಬಹಳ ಹೊತ್ತು ನಿಲ್ಲುವ ಇಬ್ಬನಿಯೂ ಬೆಂಕಿ ರೋಗಕ್ಕೆ ಅನುಕೂಲ. ಎಲೆ ಬೇಗ ಒಣಗಿದಷ್ಟೂ ಒಳ್ಳೆಯದು.

6. ಚಳಿ ಬಹಳವಾದರೆ ಬಿದಿರಿನ ದಬ್ಬೆಗಳನ್ನು ಬಾಗಿಸಿ ನೆಟ್ಟು, ಸೂರ್ಯ ಮುಳುಗುವ ಮೊದಲು ಪ್ಲಾಸ್ಟಿಕ್ ಹಾಳೆ ಹೊದಿಸಿರಿ. ಬೆಳಿಗ್ಗೆ ಬಿಸಿಲೇರಿದ ಕೂಡಲೇ ತಪ್ಪದೆ ತೆಗೆಯಿರಿ. ಇಲ್ಲವಾದರೆ ಒಳಗಿನ ಕಾವಿಗೆ ಸಸಿ ಬಾಡುತ್ತದೆ.

ಸಸಿ ಹಳದಿಯಾದರೆ ಮೊದಲು ನಾಲ್ಕಾರು ದಿನ ನೀರಿನ ಕ್ರಮವನ್ನು ಸರಿಪಡಿಸಿ ನೋಡಿರಿ. ಚಳಿ ಇಳಿದ ಮೇಲೆ ಹೊಸ ಎಲೆ ಹಸಿರಾಗಿ ಬಂದರೆ ಯಾವ ಔಷಧಿಯೂ ಬೇಕಾಗಿಲ್ಲ. ಆಗಲೂ ಸುಧಾರಿಸದಿದ್ದರೆ ಬುಡಸಹಿತ ನಾಲ್ಕು ಸಸಿ ಕಿತ್ತುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ, ಅವರು ಹೇಳಿದ ಗೊಬ್ಬರ ಅಥವಾ ಔಷಧಿಯನ್ನು ಹಾಕಿರಿ.

ಕಾಲುವೆಯಲ್ಲಿಯೇ ನೀರು ಕಾಯಿಸುವುದು

ತಣ್ಣೀರಿನ ತೊಂದರೆ ನಮಗೊಬ್ಬರಿಗೇ ಬಂದದ್ದಲ್ಲ. ಜಪಾನ್ ದೇಶದ ಅಕಿತಾ ಪ್ರಾಂತದ ಗಡಿಯಲ್ಲಿ ಚೋಕಾಯ್ ಎಂಬ ಪರ್ವತವಿದೆ. ಅದರ ಮೇಲಿನ ಹಿಮ ಕರಗಿದ ನೀರು ಬುಡದ ಹಳ್ಳಿಗಳ ಭತ್ತದ ಗದ್ದೆಗಳಿಗೆ ಬರುತ್ತಿತ್ತು. ನೀರಿಗೆ ಕೊರತೆಯಿರಲಿಲ್ಲ, ಆದರೆ ಅದು ಅತಿ ತಣ್ಣಗಿದ್ದುದರಿಂದ ಬೆಳೆ ಸರಿಯಾಗಿ ಬರುತ್ತಿರಲಿಲ್ಲ. ಅಲ್ಲಿನ ಹಳ್ಳಿಗರು 1927ರಲ್ಲಿ ಒಂದು ಹೊಸ ಬಗೆಯ ಕಾಲುವೆ ತೋಡಲು ಆರಂಭಿಸಿದರು. ಕಾಲುವೆಯನ್ನು ಆಳ ಮಾಡದೆ ಅಗಲ ಮಾಡಿದರು. ಅಲ್ಲಲ್ಲಿ ಮೆಟ್ಟಿಲಿನಂತೆ ಚಿಕ್ಕ ಚಿಕ್ಕ ಬೀಳುಗಳನ್ನಿಟ್ಟರು. ನೀರು ತೆಳ್ಳಗೆ ಹರಡಿ, ನಿಧಾನವಾಗಿ ಹರಿದು, ಬೀಳುಗಳಲ್ಲಿ ಮೇಲೆ ಕೆಳಗೆ ಬೆರೆತು, ಗದ್ದೆ ಸೇರುವಷ್ಟರಲ್ಲಿ ಬಿಸಿಲಿಗೆ ಬೆಚ್ಚಗಾಗುವಂತೆ ಮಾಡಿದರು.

ನಾವು ಅಷ್ಟು ದೊಡ್ಡ ಕೆಲಸ ಮಾಡಬೇಕಾಗಿಲ್ಲ. ಹಳ್ಳದ ಬಾಯಿಯಿಂದ ನೇರವಾಗಿ ಮಡಿಗೆ ನೀರು ತರುವ ಬದಲು, ಗದ್ದೆಯ ಬದುವಿನ ಉದ್ದಕ್ಕೂ ಸುತ್ತಿಬರುವಂತೆ ಅಗಲವಾದ ಆಳವಿಲ್ಲದ ಕಾಲುವೆ ತೆಗೆದರೆ ಸಾಕು. ಅಥವಾ ಮಡಿಗಿಂತ ಮೇಲಿನ ಒಂದು ಬರಿ ಗದ್ದೆಯಲ್ಲಿ ಬೆಳಿಗ್ಗೆ ನೀರು ತುಂಬಿ ದಿನವಿಡೀ ಬಿಸಿಲಿಗೆ ಬಿಡಿರಿ. ಸಂಜೆ ಆ ಕಾದ ನೀರನ್ನು ಮಡಿಗೆ ಇಳಿಸಿರಿ. ಒಬ್ಬರ ಮೇಲ್ಗದ್ದೆ, ಇನ್ನೊಬ್ಬರ ಮಡಿ ಇರುವಲ್ಲಿ ನೆರೆಹೊರೆಯವರು ಮಾತನಾಡಿಕೊಂಡರೆ ಇಬ್ಬರಿಗೂ ಲಾಭ.

ಅಳೆದು ನೋಡಿರಿ

ಕೈಯಿಂದ ಮುಟ್ಟಿ ಹೇಳುವ ಬಿಸಿ, ತಣ್ಣಗೆ ನಂಬತಕ್ಕದ್ದಲ್ಲವೆಂದು ಮೇಲೆ ನೋಡಿದೆವು. 0ಯಿಂದ 50 ಡಿಗ್ರಿಯವರೆಗೆ ತೋರಿಸುವ ಸಾಧಾರಣ ಉಷ್ಣಮಾಪಕವೊಂದನ್ನು ಊರಿಗೆಲ್ಲ ಸೇರಿ ಕೊಂಡರೂ ಸಾಕು. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಬರುವುದಿಲ್ಲ. ಉಷ್ಣಮಾಪಕಕ್ಕೆ ದಾರ ಕಟ್ಟಿ, ನೆರಳಿನಲ್ಲಿ, ಹರಿಯುವ ನೀರಿನಲ್ಲಿ ಒಂದು ಗೇಣು ಆಳಕ್ಕೆ ಇಳಿಬಿಟ್ಟು ಮೂರು ನಿಮಿಷ ಕಾಯಿರಿ. ಅದರ ಬುಡ ನೀರಿನಲ್ಲಿರುವಾಗಲೇ ಅಂಕಿಯನ್ನು ಓದಿರಿ. ಹೊರಗೆ ತೆಗೆದ ಮೇಲೆ ಓದಿದರೆ ತಪ್ಪು ಬರುತ್ತದೆ. ಗಾಳಿಯನ್ನು ಅಳೆಯುವಾಗ ಎದೆಮಟ್ಟದಲ್ಲಿ, ಬಿಸಿಲು ತಾಗದಂತೆ ಹಿಡಿಯಬೇಕು, ಬುಡ ಒಣಗಿರಬೇಕು.

ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಎರಡು, ಸಂಜೆ ಐದು, ಹೀಗೆ ದಿನಕ್ಕೆ ಮೂರು ಸಲ ಹೊಳೆ, ಕಾಲುವೆ, ಮಡಿ ಮತ್ತು ಗಾಳಿಯ ಉಷ್ಣಾಂಶವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ. ಆಕಾಶದಲ್ಲಿ ಮೋಡವಿತ್ತೇ, ಇಬ್ಬನಿ ಬಿತ್ತೇ, ಗಾಳಿಯಿತ್ತೇ ಎಂಬುದನ್ನೂ ಸೇರಿಸಿರಿ. ಈ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಹಚ್ಚಬಹುದು, ಆದರೆ ಹೊಳೆಯ ಬಳಿಗೆ ದೊಡ್ಡವರೊಬ್ಬರು ಜೊತೆಗಿರಬೇಕು. ಎರಡು ಮೂರು ಚಳಿಗಾಲದ ಲೆಕ್ಕ ಕೈಗೆ ಬಂದರೆ ನಿಮ್ಮ ಊರಿನಲ್ಲಿ ಯಾವ ವಾರ ಅಗೆ ಹಾಕುವುದು ಕ್ಷೇಮವೆಂದು ನೀವೇ ಹೇಳಬಲ್ಲಿರಿ. ಊರಿಂದೂರಿಗೆ ಚಳಿ ಬೇರೆ ಬೇರೆಯಾಗಿರುವುದರಿಂದ ಈ ಲೆಕ್ಕವನ್ನು ಹೊರಗಿನವರು ಮಾಡಿಕೊಡಲಾರರು.

ಜನ, ದನ ಮತ್ತು ಮೀನು

ಎಳ್ಳಮಾವಾಸ್ಯೆಯಂದು ತೀರ್ಥಹಳ್ಳಿಯ ರಾಮತೀರ್ಥದಲ್ಲಿ ಸಾವಿರಾರು ಜನ ತುಂಗಾಸ್ನಾನ ಮಾಡುತ್ತಾರೆ. ಬೆಳಗಿನ ನೀರು ಮುಟ್ಟಲು ಬೆಚ್ಚಗಿದ್ದರೂ ಅದು ನಮ್ಮ ಮೈಗಿಂತ ಬಹಳ ತಣ್ಣಗಿರುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು ಇಪ್ಪತ್ತೈದು ಪಟ್ಟು ಬೇಗ ಶಾಖವನ್ನು ಸೆಳೆದೊಯ್ಯುತ್ತದೆ. ಒಮ್ಮೆಲೇ ಮುಳುಗಿದರೆ ಉಸಿರು ಕಟ್ಟಿದಂತಾಗಿ, ಎದೆ ಬಡಿತವೂ ರಕ್ತದೊತ್ತಡವೂ ಏರುತ್ತವೆ. ವಯಸ್ಸಾದವರು, ಹೃದಯದ ಕಾಯಿಲೆಯವರು ಮೊದಲು ಕೈಕಾಲು, ಮುಖ ತೋಯಿಸಿಕೊಂಡು ನಿಧಾನವಾಗಿ ಇಳಿಯಬೇಕು. ಮಿಂದ ಕೂಡಲೇ ಒದ್ದೆ ಬಟ್ಟೆ ಬದಲಿಸಿಕೊಳ್ಳಬೇಕು. ಮಂಜು ಮುಸುಕಿ ದಡ ಕಾಣದಿರುವಾಗ ಗುರುತಿಲ್ಲದ ಕಡೆ ಹೊಳೆಗೆ ಇಳಿಯಬಾರದು.

ದನಗಳು ಒಣಹುಲ್ಲು ತಿನ್ನುವ ಈ ಕಾಲದಲ್ಲಿ ಅವಕ್ಕೆ ನೀರು ಹೆಚ್ಚು ಬೇಕು. ರಾತ್ರಿಯಿಡೀ ಬಾನಿಯಲ್ಲಿ ನಿಂತು ತಣ್ಣಗಾದ ನೀರನ್ನು ಅವು ಸಾಕಷ್ಟು ಕುಡಿಯುವುದಿಲ್ಲ. ಅದನ್ನು ಚೆಲ್ಲಿ ಆಗತಾನೇ ಸೇದಿದ ಬಾವಿ ನೀರು ಕೊಡಿರಿ. ಮೈ ತೊಳೆಯುವುದು ಬಿಸಿಲು ಏರಿದ ಮೇಲೆ ಆಗಲಿ.

ಮೀನಿಗೆ ತಣ್ಣೀರಿನಿಂದ ಒಂದು ಅನುಕೂಲವುಂಟು. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಉಸಿರಾಟಕ್ಕೆ ಬೇಕಾದ ಆಮ್ಲಜನಕ ಹೆಚ್ಚು ಕರಗುತ್ತದೆ. ಒಂದು ಲೀಟರ್ ನೀರಿನಲ್ಲಿ 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಕರಗಿದರೆ, 20 ಡಿಗ್ರಿಯಲ್ಲಿ ಒಂಬತ್ತು ಮಿಲಿಗ್ರಾಂ ಕರಗುತ್ತದೆ. ಆದರೆ ಚಳಿಯಲ್ಲಿ ಮೀನಿನ ಹಸಿವು ಕಡಿಮೆ. ಹೊಂಡದಲ್ಲಿ ಮೀನು ಸಾಕುವವರು ಬೆಳಿಗ್ಗೆ ಆಹಾರ ಹಾಕದೆ, ನೀರು ಕಾದ ಮೇಲೆ, ತಿನ್ನುವಷ್ಟು ಮಾತ್ರ ಹಾಕಬೇಕು.

ಕೊನೆಯ ಮಾತು

ಸಂಜೆ ಆಕಾಶ ನೋಡಿರಿ. ಮೋಡವಿಲ್ಲದೆ ಗಾಳಿ ನಿಂತಿದ್ದರೆ ಮಡಿಗೆ ನೀರು ಕಟ್ಟಿರಿ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಅದನ್ನು ಬಿಟ್ಟುಬಿಡಿರಿ. ಹಗಲೆಲ್ಲ ಹಳ್ಳದ ನೀರನ್ನು ಮಡಿಯ ಮೇಲೆ ಹರಿಸಬೇಡಿರಿ. ಈ ವರ್ಷ ಒಂದು ಮಡಿಯಲ್ಲಿ ಹಳೆಯ ರೂಢಿಯಂತೆಯೂ ಪಕ್ಕದ ಮಡಿಯಲ್ಲಿ ಈ ಕ್ರಮದಂತೆಯೂ ಮಾಡಿ, ಒಂದೇ ಬೀಜ, ಒಂದೇ ಗೊಬ್ಬರ ಹಾಕಿ ಹೋಲಿಸಿ ನೋಡಿರಿ. ನಾಟಿಯ ದಿನ ಎರಡರಿಂದಲೂ ಹಿಡಿಯಷ್ಟು ಸಸಿ ಕಿತ್ತು, ಬೇರು ತೊಳೆದು, ಬದುವಿನ ಮೇಲೆ ಅಕ್ಕಪಕ್ಕದಲ್ಲಿಟ್ಟು ನೆರೆಯವರಿಗೂ ತೋರಿಸಿರಿ.